ಕುರಿ ಹೋದ ಮೇಲೆ ಹೂವು ಹೆಚ್ಚಿತಾ, ಕಮ್ಮಿಯಾಯಿತಾ?

ಓದುಗರ ಪ್ರಶ್ನೆ: ಕಳೆದ ಆಗಸ್ಟ್‌ನಲ್ಲಿ ಉತ್ತರಾಖಂಡದ ವ್ಯಾಲಿ ಆಫ್ ಫ್ಲವರ್ಸ್‌ಗೆ ಹೋಗಿದ್ದೆವು. ‘ಕುರಿ ಮೇಯಿಸುವುದನ್ನು ನಿಲ್ಲಿಸಿದ ಮೇಲೆ ಇಲ್ಲಿ ಹೂವೇ ಕಮ್ಮಿಯಾಯಿತು, ಎಲ್ಲಾ ಕಡೆ ಕಳೆ ಬಂತು’ ಎಂದು ನಮ್ಮ ಗೈಡ್ ಬೇಜಾರು ಮಾಡಿಕೊಂಡ. ಗೇಟಿನ ಹತ್ತಿರ ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕೇಳಿದರೆ, ‘ಕುರಿ ಬಿಟ್ಟಿದ್ದರೆ ಒಂದು ಹೂವೂ ಉಳಿಯುತ್ತಿರಲಿಲ್ಲ’ ಎಂದರು. ಯಾರ ಮಾತು ಸರಿ? ನಮ್ಮ ಶಿರಸಿ ಕಡೆಯ ಬೇಣಗಳಲ್ಲೂ (ಹುಲ್ಲಿಗೆಂದು ಬಿಟ್ಟ ಜಾಗ) ಈಗ ದನ ಬಿಡುವವರಿಲ್ಲ. ಹುಲ್ಲು ಹೋಗಿ ಪೊದೆ ತುಂಬಿದೆ. ಎರಡೂ ಕಡೆ ನಡೆದಿರುವುದು ಒಂದೇನಾ?

ಉತ್ತರ: ನಿಮ್ಮ ಗೈಡ್ ಸುಮ್ನೆ ಹೇಳಿದ್ದಲ್ಲ. ಇಲಾಖೆಯವರ ಮಾತೂ ಸುಳ್ಳಲ್ಲ. ಇಬ್ಬರೂ ತಾವು ನೋಡಿದ್ದನ್ನೇ ಹೇಳಿದ್ದಾರೆ, ಆದರೆ ನೋಡಿದ ಜಾಗ ಬೇರೆ ಬೇರೆ. ಮೇಯಿಸುವುದು ಒಳ್ಳೆಯದಾ ಕೆಟ್ಟದ್ದಾ ಎಂದು ಯಾರಾದರೂ ಕೇಳಿದರೆ ಹುಲ್ಲುಗಾವಲಿನ ಮೇಲೆ ಕೆಲಸ ಮಾಡುವ ನಮ್ಮಂಥವರು ತಿರುಗಿ ಪ್ರಶ್ನೆ ಹಾಕುತ್ತೇವೆ. ಯಾವ ಪ್ರಾಣಿ? ಎಷ್ಟು? ಯಾವ ತಿಂಗಳು? ಮಳೆ ಎಷ್ಟು ಬೀಳುವ ಜಾಗ? ರಾತ್ರಿ ಎಲ್ಲಿ ಮಲಗುತ್ತವೆ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅರ್ಧ ಉತ್ತರ ಇರುವುದು ಅದರಲ್ಲೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನೀವು ನೋಡಿ ಬಂದ ಕಣಿವೆಯ ಕಥೆ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ವಾಪಸ್ಸಾಗುತ್ತಿದ್ದ ಫ್ರಾಂಕ್ ಸ್ಮೈತ್ ತಂಡ ಭ್ಯೂಂಡಾರ್ ಕಣಿವೆಗೆ ಇಳಿಯಿತು. ಹೂವು ನೋಡಿ ಬೆರಗಾದ ಸ್ಮೈತ್ 1937ರಲ್ಲಿ ಮತ್ತೆ ಬಂದು ಉಳಿದು, ಗಿಡ ಸಂಗ್ರಹಿಸಿ, ಮರುವರ್ಷ ಪುಸ್ತಕ ಬರೆದ. ವ್ಯಾಲಿ ಆಫ್ ಫ್ಲವರ್ಸ್ ಎಂಬ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು ಹಾಗೆ. 1939ರಲ್ಲಿ ಜೋನ್ ಲೆಗ್ ಎಂಬ ಇಂಗ್ಲೆಂಡಿನ ಮಹಿಳೆ ಗಿಡ ಸಂಗ್ರಹಿಸಲು ಬಂದು ಇಲ್ಲೇ ಜಾರಿ ಬಿದ್ದು ತೀರಿಕೊಂಡರು. ಅವರ ಸಮಾಧಿಯನ್ನು ನೀವೂ ನೋಡಿರಬಹುದು. ಈ ಇಬ್ಬರೂ ನೋಡಿದ್ದು ಮೇಯಿಸುತ್ತಿದ್ದ ಕಣಿವೆಯನ್ನು. ಭ್ಯೂಂಡಾರ್ ಊರಿನವರ ಕುರಿ, ಮೇಕೆ, ದನಗಳು ಬೇಸಿಗೆಯಲ್ಲಿ ಅಲ್ಲಿಗೇ ಹತ್ತುತ್ತಿದ್ದವು. ಯಾರೂ ಮುಟ್ಟದ ದೇವಲೋಕ ಎಂದು ನಾವು ಅಂದುಕೊಳ್ಳುವ ಆ ಹೂವಿನ ಹಾಸು ಆಗಲೇ ಕುರಿಗಾಹಿಗಳ ಮೇವಿನ ಜಾಗವಾಗಿತ್ತು.

1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಒಟ್ಟು 87.5 ಚದರ ಕಿ.ಮೀ. ಮೇಯಿಸುವುದು ನಿಂತಿತು. 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆದರೆ ಮೇಯಿಸುವುದು ನಿಂತ ಕೆಲವೇ ವರ್ಷಗಳಲ್ಲಿ ಸಸ್ಯತಜ್ಞರ ನಡುವೆ ಜಗಳ ಶುರುವಾಗಿತ್ತು. ಒಂದು ಕಡೆಯವರು, ಕುರಿ ಹೋದ ಮೇಲೆ ಎತ್ತರದ ಗಿಡಗಳು ಎಲ್ಲವನ್ನೂ ನುಂಗುತ್ತಿವೆ, ಮತ್ತೆ ಮೇಯಲು ಬಿಡಿ ಎಂದರು. ಇನ್ನೊಂದು ಕಡೆಯವರು, ಇಡೀ ಕಣಿವೆಯನ್ನು ತೆಗೆದುಕೊಂಡರೆ ಜಾತಿಗಳೇನೂ ಕಮ್ಮಿಯಾಗಿಲ್ಲ, ಕಳೆ ಬಂದಿರುವುದು ಕೆಲವು ಜಾಗಗಳಲ್ಲಿ ಮಾತ್ರ ಎಂದರು. ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿದ್ದಾಗ ಚಂದ್ರಪ್ರಕಾಶ್ ಕಾಲಾ ಮತ್ತು ಜಿ. ಎಸ್. ರಾವತ್ ಅವರು 1990ರ ದಶಕದಲ್ಲಿ ಈ ಕಣಿವೆಯಲ್ಲೂ, ಮೇಯಿಸುವುದು ಮುಂದುವರಿದಿದ್ದ ಪಕ್ಕದ ಖಿರಾಂವ್ ಕಣಿವೆಯಲ್ಲೂ ಗಿಡಗಳನ್ನು ಎಣಿಸಿದವರು.

ಜಗಳದ ಮಧ್ಯದಲ್ಲಿರುವ ಗಿಡಕ್ಕೆ ಅಲ್ಲಿಯವರು ಅಮೆಲಾ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಪಾಲಿಗೋನಮ್ ಪಾಲಿಸ್ಟಾಕಿಯಮ್. ಇದು ಲಂಟಾನದ ಹಾಗೆ ಹೊರಗಿನಿಂದ ಬಂದದ್ದಲ್ಲ, ಹಿಮಾಲಯದ್ದೇ ಗಿಡ. ಆಗಸ್ಟ್ ಹೊತ್ತಿಗೆ ಆಳೆತ್ತರ ಬೆಳೆದು, ಬಿಳಿ ಹೂಗೊಂಚಲು ಹೊತ್ತು ನಿಂತಿರುತ್ತದೆ. ನೆಲದೊಳಗೆ ಶುಂಠಿಯಂಥ ಗೆಡ್ಡೆಕಾಂಡ ಹರಡಿಕೊಂಡಿರುತ್ತದೆ. ಕಿತ್ತಾಗ ಒಂದು ತುಂಡು ಉಳಿದರೂ ಸಾಕು, ಮರುವರ್ಷ ಅಲ್ಲಿಂದಲೇ ಚಿಗುರುತ್ತದೆ. ಅದಕ್ಕೇ ಇಲಾಖೆಯವರು ವರ್ಷಾ ವರ್ಷಾ ಕೀಳಿಸುತ್ತಲೇ ಇರಬೇಕಾಗಿದೆ.

ಅಮೆಲಾದ ಒಂದು ಪೊದೆಯನ್ನು ಎರಡೂ ಕೈಯಲ್ಲಿ ಸರಿಸಿ ಒಳಗೆ ನೋಡಿದರೆ ವಿಷಯ ಅರ್ಥವಾಗುತ್ತದೆ. ಮೇಲೆ ಎಲೆಗಳು ಒಂದರ ಮೇಲೊಂದು ಕವುಚಿಕೊಂಡು ಚಪ್ಪರ ಹಾಕಿರುತ್ತವೆ. ಕೆಳಗೆ ಕತ್ತಲು. ನೆಲದ ಮೇಲೆ ಹೋದ ವರ್ಷದ ಒಣಗಿದ ದಂಟು, ಕೊಳೆತ ಎಲೆ, ಅಲ್ಲಲ್ಲಿ ಬಿಳಿಚಿಕೊಂಡ ಒಂದೆರಡು ಸಸಿ. ಅಷ್ಟೇ. ಪೊದೆಯಿಂದ ನಾಲ್ಕು ಹೆಜ್ಜೆ ಆಚೆ, ಗಿಡ್ಡ ಹುಲ್ಲಿರುವ ಕಡೆ ಒಂದು ಮೀಟರ್ ಚೌಕ ಇಟ್ಟು ಎಣಿಸಿ. ಪೊಟೆಂಟಿಲ್ಲಾ, ಜೆರೇನಿಯಂ, ಅನಿಮೋನ್, ಪ್ರಿಮುಲಾ, ಎರಡು ಮೂರು ಥರದ ಹುಲ್ಲು, ಜೇಕಿನ ಜಾತಿಯವು, ಪಾಚಿಯ ಹಾಗೆ ನೆಲಕ್ಕಂಟಿದ ಇನ್ನೇನೋ ಎಂದು ಇಪ್ಪತ್ತರ ಹತ್ತಿರ ಹೋಗುವುದು ಮಾಮೂಲು. ಇಲ್ಲಿ ಯಾವ ಕುರಿಯೂ ಬಾಯಿ ಹಾಕಿಲ್ಲ, ಯಾರೂ ಏನನ್ನೂ ಕಿತ್ತಿಲ್ಲ. ಸಣ್ಣ ಗಿಡಗಳನ್ನು ಕೊಂದಿದ್ದು ನೆರಳು.

ಇನ್ನೊಂದು ತಮಾಷೆ ಇದೆ. ಬಾಲ್ಸಮ್, ಅಂದರೆ ನಮ್ಮ ಕರ್ಣಕುಂಡಲದ ನೆಂಟ, ಅದೂ ಅಲ್ಲಿ ಆಳೆತ್ತರ ಬೆಳೆದು ಇಡೀ ಇಳಿಜಾರನ್ನು ಗುಲಾಬಿ ಮಾಡುತ್ತದೆ. ಫೋಟೋ ಅದ್ಭುತವಾಗಿ ಬರುತ್ತದೆ. ನಿಮ್ಮ ಮೊಬೈಲಿನಲ್ಲೂ ಇರಬೇಕು, ಅಲ್ವಾ? ಆದರೆ ಆ ಗುಲಾಬಿ ಹಾಸಿನ ಕೆಳಗೆ ಎಣಿಸಿದರೆ ಜಾತಿಗಳು ಬೆರಳೆಣಿಕೆ. ಹೂವು ಜಾಸ್ತಿ ಇರುವುದು ಬೇರೆ, ಹೂವಿನ ಜಾತಿ ಜಾಸ್ತಿ ಇರುವುದು ಬೇರೆ. ನಿಮ್ಮ ಗೈಡ್ ಮತ್ತು ಇಲಾಖೆಯವರ ನಡುವಿನ ವ್ಯತ್ಯಾಸದಲ್ಲಿ ಇದಕ್ಕೂ ಒಂದು ಪಾಲಿದೆ ಎಂದು ನನ್ನ ಅನುಮಾನ.

ಈಗ ಕುರಿ ಇಲ್ಲೇನು ಮಾಡುತ್ತದೆ ನೋಡೋಣ. ಹುಲ್ಲು ಬೆಳೆಯುವುದು ಬುಡದಿಂದ. ಮೇಲಿನ ಗರಿಯನ್ನು ಕಚ್ಚಿದರೂ ಬೆಳೆಯುವ ಮೊಗ್ಗು ಕೆಳಗೆ ಮಣ್ಣಿನ ಹತ್ತಿರ ಕ್ಷೇಮವಾಗಿರುತ್ತದೆ. ಎತ್ತರದ ಹೂಗಿಡಗಳಲ್ಲಿ ಆ ಮೊಗ್ಗು ಇರುವುದು ತುದಿಯಲ್ಲಿ. ಒಮ್ಮೆ ಕಚ್ಚಿದರೆ ಆ ವರ್ಷದ ಎತ್ತರವೂ ಹೋಯಿತು, ಹೂವೂ ಹೋಯಿತು. ನೆಲಕ್ಕಂಟಿದ ಎಲೆಚಕ್ರದಂಥ ಗಿಡಗಳಿಗೆ ಬಾಯಿ ತಾಗುವುದು ಕಮ್ಮಿ. ಹಾಗಾಗಿ ಹದವಾಗಿ ಮೇದರೆ ಏಟು ಬೀಳುವುದು ಎತ್ತರದವರಿಗೆ, ಬೆಳಕು ಸಿಗುವುದು ಗಿಡ್ಡವರಿಗೆ. ಮಳೆ, ಮಣ್ಣು ಎರಡೂ ಚೆನ್ನಾಗಿರುವ ಕಡೆ ಗಿಡಗಳ ನಡುವಿನ ಪೈಪೋಟಿ ನೀರಿಗಲ್ಲ, ಬೆಳಕಿಗೆ. ಅಂಥಲ್ಲಿ ಮೇಯಿಸಿದರೆ ಜಾತಿ ಹೆಚ್ಚುತ್ತದೆ ಎಂಬುದು ಜಗತ್ತಿನ ಹಲವು ಕಡೆ ಕಂಡಿರುವ ಸಂಗತಿ. ಗೈಡ್ ಹೇಳಿದ್ದು ಇದನ್ನೇ.

ಪ್ರಾಣಿಯ ಬಾಯಿಯನ್ನೂ ನೋಡಬೇಕು. ದನ, ಎಮ್ಮೆ, ಯಾಕ್‌ಗಳು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದು ಕೀಳುತ್ತವೆ. ಅದಕ್ಕೆ ಸ್ವಲ್ಪ ಎತ್ತರದ ಹುಲ್ಲು ಬೇಕು, ಆರಿಸಿ ತಿನ್ನುವುದು ಕಷ್ಟ. ಕುರಿಗೆ ಮೇಲ್ದುಟಿ ಸೀಳಿರುತ್ತದೆ, ಬಾಯಿ ಕಿರಿದು. ನೆಲದ ಮಟ್ಟಕ್ಕೆ ಬಾಯಿ ಇಟ್ಟು, ತನಗೆ ಬೇಕಾದ ಎಲೆ, ಮೊಗ್ಗನ್ನೇ ಆರಿಸಿ ಕತ್ತರಿಸುತ್ತದೆ. ಹೂಗಿಡಗಳ ಮೇಲೆ ಕುರಿಗೆ ಕಣ್ಣು ಜಾಸ್ತಿ. ಮೇಕೆ ಪೊದೆಯನ್ನೂ ಬಿಡುವುದಿಲ್ಲ, ಎರಡು ಕಾಲಲ್ಲಿ ನಿಂತಾದರೂ ಎಟುಕಿಸಿಕೊಳ್ಳುತ್ತದೆ. ಐವತ್ತು ಯಾಕ್ ಹೋದ ಗುಡ್ಡ ಮತ್ತು ಐನೂರು ಕುರಿ ಹೋದ ಗುಡ್ಡ ಎರಡು ವರ್ಷ ಕಳೆದರೆ ಬೇರೆ ಬೇರೆ ಥರ ಕಾಣುತ್ತವೆ, ತಿಂದ ಮೇವಿನ ತೂಕ ಒಂದೇ ಆಗಿದ್ದರೂ.

ಆರಿಸಿ ತಿನ್ನುವುದರ ಇನ್ನೊಂದು ಮುಖ ಏನೆಂದರೆ, ತಿನ್ನದೇ ಬಿಟ್ಟದ್ದು ಉಳಿಯುತ್ತದೆ. ಮುಳ್ಳಿನವು, ಕಹಿಯವು, ವಿಷದವು. ವರ್ಷಗಟ್ಟಲೆ ಮಿತಿಮೀರಿ ಮೇಯಿಸಿದ ಬುಗ್ಯಾಲ್‌ನಲ್ಲಿ (ಉತ್ತರಾಖಂಡದ ಗಢ್ವಾಲದವರು ಮರಗಳ ಗಡಿ ದಾಟಿದ ಮೇಲಿನ ಹುಲ್ಲುಗಾವಲಿಗೆ ಹೀಗೆನ್ನುತ್ತಾರೆ) ಮುಳ್ಳಿನ ಮೊರಿನಾ, ಹಾಲು ಸೋರುವ ಯೂಫೋರ್ಬಿಯಾ, ವಿಷದ ಅಕೋನೈಟ್‌ಗಳು ಎದ್ದು ಕಾಣುತ್ತವೆ. ಅವುಗಳಲ್ಲೂ ಎಷ್ಟೋ ಚಂದದ ಹೂಗಳಿವೆ ಬಿಡಿ. ಜಾತಿ ಎಣಿಸಿದರೆ ಲೆಕ್ಕ ಕಮ್ಮಿಯಾದಂತೆ ಕಾಣದೇ ಇರಬಹುದು. ಆದರೆ ಮೇವು ಹೋಗಿರುತ್ತದೆ.

ಇಷ್ಟು ಕೇಳಿ ‘ಹಾಗಾದರೆ ಎಲ್ಲಾ ಬೆಟ್ಟಕ್ಕೂ ಕುರಿ ಬಿಡಿ’ ಎಂದುಕೊಂಡರೆ ಹಿಮಾಚಲದ ಸ್ಪೀತಿಗೆ ಹೋಗಿ ನೋಡಬೇಕು. ಹಿಮಾಲಯದ ಆಚೆ, ಮಳೆ ನೆರಳಿನ ಬದಿ ಅದು. ಮುಂಗಾರು ಅಲ್ಲಿಗೆ ಹೆಚ್ಚು ದಾಟುವುದಿಲ್ಲ, ಬರುವ ನೀರೆಲ್ಲ ಬಹುಪಾಲು ಹಿಮದ ರೂಪದಲ್ಲಿ. ಕಿಬ್ಬರ್ ಊರು ಇರುವುದು ಸುಮಾರು 4,200 ಮೀಟರ್ ಎತ್ತರದಲ್ಲಿ. ಅಲ್ಲಿ ಗಿಡಕ್ಕೂ ಗಿಡಕ್ಕೂ ನಡುವೆ ಬರಿ ಮಣ್ಣು, ಕಲ್ಲು. ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುವ ಮಾತೇ ಇಲ್ಲ. ಬೆಳಕು ಬೇಕಾದಷ್ಟಿದೆ, ಇಲ್ಲದಿರುವುದು ನೀರು ಮತ್ತು ಬೆಳೆಯಲು ಬೇಕಾದ ಬೆಚ್ಚನೆಯ ದಿನಗಳು. ಇಂಥ ಕಡೆ ಒಂದು ಗಿಡವನ್ನು ಕಚ್ಚಿದರೆ ಪಕ್ಕದವನಿಗೆ ಲಾಭವಿಲ್ಲ. ಕಚ್ಚಿಸಿಕೊಂಡವನಿಗೆ ಮಾತ್ರ ನಷ್ಟ, ಮತ್ತೆ ಎಲೆ ಬಿಡಲು ಬೇಸಿಗೆಯೇ ಸಾಲುವುದಿಲ್ಲ. ಹುಲ್ಲು ತೆಳುವಾಗುತ್ತದೆ, ಮುಳ್ಳಿನ ಕ್ಯಾರಗಾನಾ ಪೊದೆ ಉಳಿಯುತ್ತದೆ.

ಇಲ್ಲಿ ನಮ್ಮ ರಾಜ್ಯದವರ ಕೆಲಸವನ್ನು ಹೇಳಲೇಬೇಕು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಚಾರುದತ್ತ ಮಿಶ್ರಾ 1990ರ ದಶಕದಿಂದ ಕಿಬ್ಬರ್ ಸುತ್ತ ಕೆಲಸ ಮಾಡಿದವರು. ಊರಿನ ಪ್ರಾಣಿಗಳ ಸಂಖ್ಯೆ ಆ ಬೆಟ್ಟ ತಾಳುವಷ್ಟಕ್ಕಿಂತ ಜಾಸ್ತಿ ಇದೆ, ಅದರಿಂದ ಕಾಡುಕುರಿಯಂಥ ಭರಲ್‌ಗೆ ಮೇವು ಸಾಲುತ್ತಿಲ್ಲ ಎಂದು ಅವರು ತೋರಿಸಿದರು. ಆಮೇಲೆ ಊರಿನವರ ಜೊತೆ ಕೂತು ಮಾತಾಡಿ, ಮೇವಿನ ಜಾಗದ ಒಂದು ಪಾಲನ್ನು ಮೇಯಿಸದೆ ಬಿಡುವುದು, ಅದಕ್ಕೆ ಊರಿಗೆ ಪರಿಹಾರ ಕೊಡುವುದು ಎಂಬ ಒಪ್ಪಂದವಾಯಿತು. ಅಲ್ಲಿ ಭರಲ್ ಸಂಖ್ಯೆ ಏರಿತು. ಬೇಲಿ ಹಾಕಿ ಜನರನ್ನು ಹೊರಗಟ್ಟಿದ ಕೆಲಸವಲ್ಲ ಅದು. ಯಾವ ಪಾಲು ಬಿಡಬೇಕು ಎಂದು ಊರಿನವರೇ ಹೇಳಿದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಂತ ಬಾಗ್ಚಿ ತಂಡದವರದ್ದು ಇನ್ನೊಂದು ಕೆಲಸ. ಅವರು ಸ್ಪೀತಿಯಲ್ಲೇ ಕೆಲವು ತುಂಡು ನೆಲಕ್ಕೆ ಬೇಲಿ ಹಾಕಿ, ಪಕ್ಕದಲ್ಲೇ ಮೇಯಲು ಬಿಟ್ಟ ತುಂಡುಗಳ ಜೊತೆ 16 ವರ್ಷ ಹೋಲಿಸುತ್ತಾ ಬಂದರು. 2022ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರೂ ಅಂದುಕೊಂಡ ಹಾಗಿರಲಿಲ್ಲ. ಬೇಲಿಯೊಳಗೆ ಮಣ್ಣಿನ ಇಂಗಾಲ ವರ್ಷದಿಂದ ವರ್ಷಕ್ಕೆ ಹೆಚ್ಚು ಏರಿಳಿಯುತ್ತಿತ್ತು, ಮೇಯುತ್ತಿದ್ದ ಕಡೆ ಅಷ್ಟು ಏರಿಳಿತ ಇರಲಿಲ್ಲ. ಹಾಗಂತ ಮೇಯುವವರೆಲ್ಲ ಒಂದೇ ಅಲ್ಲ. ಕಾಡುಪ್ರಾಣಿ ಮೇಯುವ ಕಣಿವೆ, ಸಾಕುಪ್ರಾಣಿ ಮೇಯುವ ಕಣಿವೆ ಎರಡನ್ನೂ ಹೋಲಿಸಿದಾಗ ಸಾಕುಪ್ರಾಣಿಗಳ ಕಡೆ ಇಂಗಾಲ ಕಮ್ಮಿ ಇತ್ತು. ಅಂದರೆ ಅಷ್ಟು ಒಣ ಬೆಟ್ಟದಲ್ಲೂ ಮೇಯುವವರೇ ಬೇಡ ಎನ್ನುವ ಹಾಗಿಲ್ಲ. ಎಷ್ಟು, ಯಾರು ಎಂಬುದೇ ಅಲ್ಲೂ ಬರುವ ಪ್ರಶ್ನೆ.

ಟಿಬೆಟ್ ಕಡೆ ಇನ್ನೂ ಸೋಜಿಗ. ಅಲ್ಲಿ ಕೊಬ್ರೇಸಿಯಾ ಎಂಬ ಜೇಕಿನ ಜಾತಿಯ ಗಿಡ, ಎತ್ತರ ನಾಲ್ಕು ಬೆರಳೂ ಇಲ್ಲ, ಸುಮಾರು 4,50,000 ಚದರ ಕಿ.ಮೀ. ನೆಲವನ್ನು ಹೊದಿಸಿದೆ. ಕರ್ನಾಟಕದ ಎರಡು ಪಟ್ಟಿಗಿಂತ ಜಾಸ್ತಿ. ಯಾಕ್‌ಗಳು ಸದಾ ಮೇಯುತ್ತಿರುವುದರಿಂದಲೇ ಅದು ಅಲ್ಲಿ ರಾಜನಾಗಿ ಉಳಿದಿದೆ. ಸ್ವಲ್ಪ ತೇವ ಇರುವ ಕಡೆ ಬೇಲಿ ಹಾಕಿ ಯಾಕ್ ತಡೆದರೆ ಎತ್ತರದ ಹುಲ್ಲು ಬಂದು ಅದನ್ನು ಮುಚ್ಚಿಬಿಡುತ್ತದೆ. ಚೀನಾ 2003ರಿಂದ ಹುಲ್ಲುಗಾವಲಿಗೆ ದೊಡ್ಡ ಮಟ್ಟದಲ್ಲಿ ಬೇಲಿ ಹಾಕಲು ಶುರು ಮಾಡಿತು. ಸವೆದು ಹೋದ ನೆಲಕ್ಕೆ ಮೊದಲ ಕೆಲವು ವರ್ಷ ಅದರಿಂದ ಒಳ್ಳೆಯದೇ ಆಯಿತು, ಹುಲ್ಲು ಚೇತರಿಸಿಕೊಂಡಿತು. ಬೇಲಿ ಹಾಗೇ ಮುಂದುವರಿದ ಎಷ್ಟೋ ಕಡೆ ಹುಲ್ಲಿನ ತೂಕ ಏರಿದರೂ ಜಾತಿ ಏರಲಿಲ್ಲ. ಒಂದು ಹೊತ್ತಿನಲ್ಲಿ ಬೇಕಾದ ಬೇಲಿ ಇನ್ನೊಂದು ಹೊತ್ತಿಗೆ ಬೇಡವಾಗುತ್ತದೆ. ಸರ್ಕಾರಿ ಯೋಜನೆಗಳಿಗೆ ಅರಗದ ಮಾತು ಇದು. ಅವಕ್ಕೆ ಹಾಕಿದ ಬೇಲಿ ತೆಗೆಯುವ ಅಭ್ಯಾಸವಿಲ್ಲ.

ಈಗ ರಾತ್ರಿಯ ವಿಷಯಕ್ಕೆ ಬರುತ್ತೇನೆ.

ಕುರಿ ಹಗಲೆಲ್ಲ ಇಡೀ ಗುಡ್ಡ ಸುತ್ತಿ ಮೇಯುತ್ತದೆ. ರಾತ್ರಿ ಚಿರತೆ, ಕರಡಿ ಭಯಕ್ಕೆ ಒಂದೇ ಕಡೆ ಒತ್ತೊತ್ತಾಗಿ ಮಲಗುತ್ತದೆ. ಹಗಲು ತಿಂದದ್ದರ ಸಾರವೆಲ್ಲ ರಾತ್ರಿ ಹಿಕ್ಕೆಯಾಗಿ, ಗಂಜಲವಾಗಿ ಆ ಒಂದೇ ಜಾಗಕ್ಕೆ ಬೀಳುತ್ತದೆ. ನಮ್ಮ ಬಯಲುಸೀಮೆಯ ರೈತರು ಇದೇ ಕಾರಣಕ್ಕೆ ದುಡ್ಡು, ಕಾಳು ಕೊಟ್ಟು ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾರಲ್ಲ, ಅದೇ ಕೆಲಸ. ಆದರೆ ಹೊಲಕ್ಕೆ ವರವಾದದ್ದು ಬುಗ್ಯಾಲ್‌ಗೆ ಶಾಪ. ಬೆಟ್ಟದ ಹೂಗಿಡಗಳು ಬಡ ಮಣ್ಣಿಗೆ ಒಗ್ಗಿದವು. ಮಣ್ಣಿಗೆ ನೈಟ್ರೋಜನ್ ಜಾಸ್ತಿಯಾದರೆ ಅದನ್ನು ಗಬಗಬ ಹೀರಿ ಬೆಳೆಯುವ ಒಂದೆರಡು ಗಿಡಗಳು ಉಳಿದವರನ್ನೆಲ್ಲ ತುಳಿದುಬಿಡುತ್ತವೆ.

ಆ ಜಾಗ ಗುರುತಿಸುವುದು ಸುಲಭ. ಗಢ್ವಾಲದಲ್ಲಿ ಕುರಿಗಾಹಿಗಳ ಬೀಡಿಗೆ ಖರಕ್ ಎನ್ನುತ್ತಾರೆ. ಕಲ್ಲು ಜೋಡಿಸಿದ ಮೋಟುಗೋಡೆ, ಹೊಗೆ ಹಿಡಿದ ಒಂದು ಬಂಡೆ, ಕುರಿಗೆ ಉಪ್ಪು ಹಾಕಿದ ಚಪ್ಪಟೆ ಕಲ್ಲುಗಳು. ಸುತ್ತ ಎಲ್ಲಾ ಕಡೆ ಮೊಣಕಾಲೆತ್ತರ ಒಂದೇ ಗಿಡ, ರೂಮೆಕ್ಸ್ ನೇಪಾಲೆನ್ಸಿಸ್, ಅಲ್ಲಿಯವರ ಜಂಗ್ಲಿ ಪಾಲಕ್. ಅಗಲ ಎಲೆ, ಕೊಕ್ಕೆ ಕೊಕ್ಕೆ ಕಾಯಿ, ನಿಮ್ಮ ಪ್ಯಾಂಟಿಗೂ ಕಾಲುಚೀಲಕ್ಕೂ ಅಂಟಿಕೊಂಡು ಬರುವಂಥದ್ದು. ಆ ಹಾಸು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಹಿಂದಿನವರ ಕುರಿ ಮಲಗಿದ ಜಾಗವೂ ಮುಗಿಯಿತು ಎಂದು ಗೆರೆ ಎಳೆದ ಹಾಗೆ ಹೇಳಬಹುದು. ಕುರಿ ಬರುವುದು ನಿಂತ ಮೇಲೂ ಅದು ಹೋಗುವುದಿಲ್ಲ. ಆಲ್ಪ್ಸ್‌ನಲ್ಲಿ ಇದರದ್ದೇ ಅಣ್ಣತಮ್ಮ ಗಿಡವೊಂದು ಪಾಳುಬಿದ್ದ ದನದ ಕೊಟ್ಟಿಗೆಗಳ ಸುತ್ತ ದಶಕಗಟ್ಟಲೆ ಹಾಗೇ ನಿಂತಿರುವುದನ್ನು ಕಾಣಬಹುದು. ಮಣ್ಣಿಗೆ ಒಮ್ಮೆ ಸೇರಿದ ಸಾರ ಬೇಗ ಇಳಿಯುವುದಿಲ್ಲ.

ವ್ಯಾಲಿ ಆಫ್ ಫ್ಲವರ್ಸ್‌ನಲ್ಲೂ ಅಮೆಲಾ ಜೋರಾಗಿರುವುದು ಇಂಥ ಹಳೇ ಬೀಡುಗಳಲ್ಲಿ, ಭೂಕುಸಿತ, ಹಿಮಕುಸಿತ ಆದ ಸಡಿಲ ಮಣ್ಣಿನಲ್ಲಿ. ಅಂದರೆ ಕುರಿ ಬರುವುದು ನಿಂತದ್ದರಿಂದ ಕಳೆ ಬಂತು ಎನ್ನುವುದು ಅರ್ಧ ಕಥೆ. ಕುರಿ ಇದ್ದಾಗಲೇ ಕಳೆಗೆ ಮಡಿ ಸಿದ್ಧವಾಗಿತ್ತು, ಎಳೆ ಚಿಗುರನ್ನು ತಿಂದು ತುಳಿದು ಅದನ್ನು ಅಷ್ಟಕ್ಕೇ ಇಟ್ಟಿದ್ದ ಬಾಯಿ, ಗೊರಸು ಒಂದೇ ಸಲಕ್ಕೆ ಇಲ್ಲವಾದವು. ನಾನು ಎಲ್ಲಾ ಸಾಕ್ಷ್ಯ ನೋಡಿ ನಂಬಿರುವುದು ಇದನ್ನು. ಇಲಾಖೆಯವರು ‘ಒಂದು ಹೂವೂ ಉಳಿಯುತ್ತಿರಲಿಲ್ಲ’ ಎಂದದ್ದು ಬಹುಶಃ ಇಂಥ ಖರಕ್‌ಗಳನ್ನು ನೋಡಿ.

ರಾತ್ರಿಯ ಜಾಗ ಬದಲಾಯಿಸುತ್ತಾ ಹೋದರೆ ಈ ತೊಂದರೆ ಅರ್ಧಕ್ಕರ್ಧ ಕಮ್ಮಿ. ಹಳೇ ಕುರಿಗಾಹಿಗಳು ಮಾಡುತ್ತಿದ್ದದ್ದೂ ಅದನ್ನೇ. ಹಿಮಾಚಲದ ಗದ್ದಿಗಳಾಗಲಿ ಗಢ್ವಾಲ, ಕುಮಾವ್‌ನ ಭೋಟಿಯಾಗಳಾಗಲಿ ಒಂದೇ ಕಡೆ ಬೇಸಿಗೆಯೆಲ್ಲ ಕೂರುವವರಲ್ಲ. ಹಿಮ ಕರಗಿದಂತೆ ಮೇಲಕ್ಕೆ, ಚಳಿ ಬಂದಂತೆ ಕೆಳಕ್ಕೆ. ಜೂನ್ ಹೊತ್ತಿಗೆ ಬುಗ್ಯಾಲ್, ಸೆಪ್ಟೆಂಬರ್ ಮುಗಿಯುವಾಗ ಇಳಿಯಲು ಶುರು. ಹೀಗೆ ಸಾಗುವಾಗ ಉಣ್ಣೆಗೆ ಅಂಟಿದ ಬೀಜ, ಹಿಕ್ಕೆಯಲ್ಲಿ ಬಿದ್ದ ಬೀಜ ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗುತ್ತದೆ. ಒಳ್ಳೆಯದೂ ಹೋಗುತ್ತದೆ, ಜಂಗ್ಲಿ ಪಾಲಕ್ಕೂ ಹೋಗುತ್ತದೆ.

ಹೊತ್ತು ಎಂಬುದು ತಲೆಎಣಿಕೆಯಷ್ಟೇ ಮುಖ್ಯ. ಹಿಮ ಕರಗಿದ ಕೂಡಲೇ ಗಿಡ ಬೇರಿನಲ್ಲಿ ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡಿ ಮೊದಲ ಎಲೆ ಬಿಟ್ಟಿರುತ್ತದೆ. ಖಜಾನೆ ಖಾಲಿ. ಆಗ ಕಚ್ಚಿದರೆ ಪೆಟ್ಟು ಜೋರು. ನೆಲವೂ ಆಗ ಹಸಿ ಹಸಿ, ಗೊರಸಿಗೆ ಹುಲ್ಲಿನ ಹಾಸೇ ಕಿತ್ತು ಬರುತ್ತದೆ, ಆಮೇಲೆ ಮಳೆಗೆ ಅಲ್ಲಿಂದ ಕೊರೆತ ಶುರು. ಅದೇ ಕುರಿ ಸೆಪ್ಟೆಂಬರ್‌ನಲ್ಲಿ ಬಂದರೆ ಬೀಜ ಉದುರಿರುತ್ತದೆ, ಸಾರ ಬೇರಿಗೆ ಇಳಿದಿರುತ್ತದೆ. ಆಗ ತಿನ್ನುವುದು ಹೇಗೂ ಒಣಗುವ ಎಲೆಯನ್ನು. ಮೇ ತಿಂಗಳ ನೂರು ಕುರಿ ಮಾಡುವ ಹಾಳನ್ನು ಸೆಪ್ಟೆಂಬರ್‌ನ ಇನ್ನೂರು ಮಾಡಲಾರವು.

ಇನ್ನು, ಕುರಿಯ ತಲೆಗೆ ಕಟ್ಟುವ ಎಲ್ಲಾ ತಪ್ಪೂ ಕುರಿಯದ್ದಲ್ಲ. ಜಟಾಮಾಂಸಿ, ಅತಿವಿಷ, ಕಟುಕರೋಹಿಣಿ ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತವಲ್ಲ, ಇವೆಲ್ಲ ಹಿಮಾಲಯದ ಎತ್ತರದ ಗಿಡಗಳ ಬೇರು, ಗೆಡ್ಡೆ. ಬೇರು ಕಿತ್ತರೆ ಗಿಡವೇ ಹೋಯಿತು. ಕಟುಕರೋಹಿಣಿಯ ಕಹಿಗೆ ಕುರಿ ಮೂಗು ಮುರಿಯುತ್ತದೆ, ಮನುಷ್ಯ ಬಿಡುವುದಿಲ್ಲ. ಮೇ, ಜೂನ್‌ನಲ್ಲಿ ಕೀಡಾ ಜಡಿ (ಹುಳುವಿನ ಮೇಲೆ ಬೆಳೆಯುವ, ಔಷಧಿಗೆ ಬಳಸುವ ಶಿಲೀಂಧ್ರ) ಹುಡುಕಲು ಚಮೋಲಿ, ಪಿಥೌರಾಗಢ ಜಿಲ್ಲೆಗಳಲ್ಲಿ ಊರಿಗೆ ಊರೇ ಬುಗ್ಯಾಲ್‌ಗೆ ಹತ್ತುತ್ತದೆ. ಕೆ.ಜಿ.ಗೆ ಲಕ್ಷಗಟ್ಟಲೆ ಬೆಲೆ ಅದಕ್ಕೆ. ನೆಲ ಅಗೆಯುತ್ತಾರೆ, ಒಲೆಗೆ ಜುನಿಪರ್, ರೋಡೋಡೆಂಡ್ರಾನ್ ಕಡಿಯುತ್ತಾರೆ, ಅದೂ ನೆಲ ಹಸಿಯಾಗಿರುವ ಅದೇ ನಾಜೂಕು ತಿಂಗಳಲ್ಲಿ. ಟ್ರೆಕ್ಕಿಂಗ್‌ನವರ ಟೆಂಟು ಇನ್ನೊಂದು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಟ್ರೆಕ್ಕಿಂಗ್ ಕಂಪನಿಗಳು ಗೋಳಾಡಿದವು. ತಮಗೂ ಕುರಿಗೂ ರಾತ್ರಿಯ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ ಎಂದು ಅವರು ಒಪ್ಪುವುದು ಕಷ್ಟ.

ಹಾಗಾದರೆ ವ್ಯಾಲಿ ಆಫ್ ಫ್ಲವರ್ಸ್‌ಗೆ ಕುರಿ ವಾಪಸ್ ಬಿಡಬೇಕಾ? ಮಂದೆಗಟ್ಟಲೆ ಬಿಡುವುದು ಬೇಡ ಎನ್ನುವವನು ನಾನು. ಮೇಯದೆ 40 ವರ್ಷ ಕಳೆದ ಕಣಿವೆ ಈಗ ಬೇರೆಯೇ ಹದಕ್ಕೆ ಬಂದಿದೆ. ಕುರಿಗೆ ಬಲಿತ ಅಮೆಲಾ ದಂಟಿಗಿಂತ ಪಕ್ಕದ ಮೆತ್ತನೆಯ ಹೂಗಿಡವೇ ಇಷ್ಟ, ಮೊದಲು ಹೋಗುವುದು ಅದೇ. ಆದರೆ ಕೆಳಭಾಗದ ಅಮೆಲಾ ತುಂಬಿದ ಕೆಲವು ತುಂಡುಗಳಲ್ಲಿ, ಕಿತ್ತಾದ ಮೇಲೆ ಮರುಚಿಗುರು ಬರುವ ಹೊತ್ತಿಗೆ ಸರಿಯಾಗಿ, ಕೆಲವೇ ಪ್ರಾಣಿಗಳನ್ನು ಕೆಲವೇ ದಿನ ಬಿಟ್ಟು, ರಾತ್ರಿ ಕಣಿವೆಯ ಹೊರಗೆ ಕಟ್ಟಿ ನೋಡುವ ಪ್ರಯೋಗ ಆಗಲೇಬೇಕು. ಪಕ್ಕದಲ್ಲಿ ಬರೀ ಕಿತ್ತು ಬಿಟ್ಟ ತುಂಡೂ ಇರಲಿ, ಹೋಲಿಸಲು. ಭ್ಯೂಂಡಾರ್‌ನ ಹಳಬರನ್ನು ಕರೆದು ಎಲ್ಲಿ, ಯಾವಾಗ ಎಂದು ಕೇಳಿಯೇ ಮಾಡಬೇಕು. ಕಳೆ ಕೀಳುವ ಕೂಲಿಗೆ ಮಾತ್ರ ಅವರನ್ನು ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಿಮ್ಮ ಬೇಣ. ಮೇಲ್ನೋಟಕ್ಕೆ ಅದೇ ಕಥೆ, ಒಳಗೆ ಒಂದು ದೊಡ್ಡ ವ್ಯತ್ಯಾಸ ಇದೆ. ಬುಗ್ಯಾಲ್ ಇರುವುದು ಮರ ಬೆಳೆಯಲಾಗದ ಎತ್ತರದಲ್ಲಿ. ಅಲ್ಲಿ ಮೇಯುವುದು ನಿಂತರೆ ಹುಲ್ಲಿನ ಜಾಗಕ್ಕೆ ಎತ್ತರದ ಗಿಡ ಬರಬಹುದು, ಕಾಡು ಬರುವುದಿಲ್ಲ. ಶಿರಸಿಯ ಮಳೆಗೆ ಸುಮ್ಮನೆ ಬಿಟ್ಟ ನೆಲವೆಲ್ಲ ಕಾಡಾಗುತ್ತದೆ. ಬೇಣ ಹುಲ್ಲಾಗಿ ಉಳಿದದ್ದು ನಿಮ್ಮ ಅಜ್ಜಂದಿರು ಕರಡ ಕೊಯ್ದು, ದನ ಮೇಯಿಸಿ, ಎದ್ದ ಸಸಿ ಸವರಿ ಇಟ್ಟದ್ದರಿಂದ. ಸ್ವಿಟ್ಜರ್ಲೆಂಡಿನ ಆಲ್ಪ್ಸ್‌ನಲ್ಲಿ, ಮರದ ಗಡಿಗಿಂತ ಕೆಳಗಿನ ಹುಲ್ಲುಗಾವಲುಗಳದ್ದು ಇದೇ ಹಣೆಬರಹ. ದನ ಹತ್ತಿಸುವವರಿಲ್ಲದೆ ಅಲ್ಲಿ ಹಸಿರು ಆಲ್ಡರ್ ಪೊದೆ ನುಗ್ಗಿ, ಮಣ್ಣಿಗೆ ನೈಟ್ರೋಜನ್ ತುಂಬಿ, ಹೂಗಿಡಗಳನ್ನು ಓಡಿಸುತ್ತಿದೆ. ಹಾಗಾಗಿ ನಿಮ್ಮ ಬೇಣಕ್ಕೆ ಹೋಲಿಕೆ ಬೇಕಿದ್ದರೆ ಗಢ್ವಾಲಕ್ಕಿಂತ ಸ್ವಿಟ್ಜರ್ಲೆಂಡ್ ಹತ್ತಿರ!

ಮಲೆನಾಡು ಗಿಡ್ಡ ಹಟ್ಟಿಯಿಂದ ಹೋಗಿ ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ಜರ್ಸಿ ಬಂದ ಮೇಲೆ ಬೇಣಕ್ಕೆ ದನ ಬಿಡುವವರು ಎಲ್ಲಿಂದ ಬರಬೇಕು? ಈಗ ತಂದು ಬಿಟ್ಟರೂ ಒಂದು ತೊಡಕಿದೆ. ನೀವು ಪೊದೆ ಎಂದದ್ದು ಬಹುಪಾಲು ಯುಪಟೋರಿಯಂ ಇರಬೇಕು. ದನ ಅದನ್ನು ಮೂಸಿಯೂ ನೋಡುವುದಿಲ್ಲ. ಉಳಿದ ಹುಲ್ಲನ್ನೇ ಮೇದು ಪೊದೆಗೆ ಇನ್ನಷ್ಟು ಜಾಗ ಬಿಟ್ಟುಕೊಡುತ್ತದೆ. ಆದ್ದರಿಂದ ಮೊದಲು ಕೈಕೆಲಸ. ಮಳೆ ಹಿಂದೆ ಸರಿದು ಮಣ್ಣು ಇನ್ನೂ ಮೆತ್ತಗಿರುವಾಗ, ಅದು ಹೂ ಬಿಡುವ ಮುಂಚೆಯೇ, ಬುಡ ಸಮೇತ ಕೀಳಿಸಿ. ಬರೀ ಕತ್ತರಿಸಿದರೆ ನಾಲ್ಕು ಪಟ್ಟು ಚಿಗುರುತ್ತದೆ. ಎರಡು ಮೂರು ವರ್ಷ ಬಿಡದೆ ಮಾಡಬೇಕಾಗುತ್ತದೆ. ಹುಲ್ಲು ತಿರುಗಿ ಬಂದ ಮೇಲೆ ಬೇಣವನ್ನು ಎರಡು ಪಾಲು ಮಾಡಿ. ಒಂದು ವರ್ಷ ಒಂದು ಪಾಲನ್ನು ಹುಲ್ಲು ಬಲಿತು ಬೀಜ ಉದುರುವವರೆಗೆ ಮುಟ್ಟದೆ ಬಿಟ್ಟು ಆಮೇಲೆ ಕೊಯ್ಯಿರಿ, ಇನ್ನೊಂದಕ್ಕೆ ದನ ಬಿಡಿ. ಮರುವರ್ಷ ಅದಲು ಬದಲು. ನಿಮ್ಮಲ್ಲಿ ದನವಿಲ್ಲದಿದ್ದರೆ ಪಕ್ಕದವರದ್ದು ಬರಲಿ, ರಾತ್ರಿ ಮಾತ್ರ ಕೊಟ್ಟಿಗೆಗೆ ವಾಪಸ್ ಹೋಗಲಿ. ತೋಟಕ್ಕೆ ಗೊಬ್ಬರವೂ ಆಯಿತು.

ಶುರು ಮಾಡುವ ಮೊದಲು ಬೇಣದ ನಾಲ್ಕೈದು ಕಡೆ ಗೂಟ ನೆಟ್ಟು ಒಂದೊಂದು ಮೀಟರ್ ಚೌಕ ಗುರುತು ಮಾಡಿಕೊಳ್ಳಿ. ಸೆಪ್ಟೆಂಬರ್ ಕೊನೆಗೆ ಹೂವಿರುವಾಗ ಒಳಗಿರುವ ಗಿಡಗಳನ್ನೆಲ್ಲ ಎಣಿಸಿ, ಮೇಲಿನಿಂದ ಒಂದು ಫೋಟೋ ತೆಗೆದಿಡಿ. ಹೆಸರು ಗೊತ್ತಿಲ್ಲದವಕ್ಕೆ ನಂಬರ್ ಹಾಕಿದರೂ ಸಾಕು. ಫೋಟೋ ಕಳಿಸಿದರೆ ಗುರುತು ಹಿಡಿಯಲು ನಾನು ಸಹಾಯ ಮಾಡುತ್ತೇನೆ, ಹುಲ್ಲುಗಳದ್ದಾದರೆ ತೆನೆ ಸ್ಪಷ್ಟವಾಗಿ ಕಾಣುವ ಹಾಗೆ ತೆಗೆಯಿರಿ.